ಅಳು ಕೇಳಿಸದ ಅಜ್ಜಿಯ ಕೂಸಿನ ಮನೆ

ಬೆಳಗಿನ ಐದೂವರೆ. ಕ್ಲೆಗ್‌ಡೆನ್ನಿನ ಟೆಂಟರ್ ಬೀದಿಯ ಕಲ್ಲುಹಾಸಿನ ಮೇಲೆ ಮರದಟ್ಟೆಯ ಬೂಟುಗಳು ಟಕಟಕ ಎನ್ನತೊಡಗಿವೆ. ಹದಿನೇಳನೇ ನಂಬರಿನ ಮನೆಯ ಬಾಗಿಲು ಆಗಲೇ ಅರ್ಧ ತೆರೆದಿದೆ. ಇಲ್ಲಿ ಬಾಗಿಲು ತಟ್ಟಿ ಕಾಯುವ ರೂಢಿಯಿಲ್ಲ. ತಟ್ಟಿದರೂ ಒಳಗಿನವರಿಗೆ ಕೇಳಿಸುವುದಿಲ್ಲ. ಶಾಲಿನೊಳಗೆ ಕೂಸನ್ನು ಸುತ್ತಿಕೊಂಡ ಹೆಂಗಸರು ಒಬ್ಬೊಬ್ಬರಾಗಿ ನೇರ ಒಳಗೆ ನುಗ್ಗುತ್ತಾರೆ, ಬಾಗಿಲಿಗೆ ಮುಖ ಮಾಡಿ ಒಲೆಯ ಪಕ್ಕ ನಿಂತ ಮುದುಕಿಯ ಕೈಗೆ ಕೂಸನ್ನು ಕೊಡುತ್ತಾರೆ, ಸದ್ದಿಲ್ಲದೆ ತುಟಿಯಲ್ಲೇ ಎರಡು ಮಾತಾಡಿ ಓಡುತ್ತಾರೆ. ಬೀದಿಯ ಕೆಳಗಿನ ಬಟ್ಟೆ ಗಿರಣಿಯ ಗೇಟು ಆರಕ್ಕೆ ಮುಚ್ಚುತ್ತದೆ. ಆರೂ ಐದಕ್ಕೆ ಹೋದವಳನ್ನು ಅರ್ಧ ದಿನ ಹೊರಗೆ ನಿಲ್ಲಿಸುತ್ತಾರೆ. ಹಾಗೆ ಮೂರು ಸಲ ಆದರೆ ಅವಳ ಮಗ್ಗಗಳು ಬೇರೆಯವರ ಪಾಲಾಗುತ್ತವೆ.

ಮುದುಕಿಯ ಹೆಸರು ಡಾರ್ಕಸ್ ಪಿಲಿಂಗ್. ವಯಸ್ಸು ಅರವತ್ತಮೂರು. ಬೀದಿಗೆಲ್ಲ ಡಾರ್ಕಸ್ ಅಜ್ಜಿ. ಕೈಗೆ ಬಂದ ಪ್ರತಿ ಕೂಸಿನ ಬಾಯಿಗೂ ಮೂಗು ತಾಗಿಸಿ ಮೂಸುತ್ತಾರೆ. ತಾಯಂದಿರು ಮುಖ ತಿರುಗಿಸಿ ನಿಲ್ಲುತ್ತಾರೆ, ಬೇಜಾರು ಮಾಡಿಕೊಳ್ಳುವುದಿಲ್ಲ. ಈ ಮೂಸುವ ಕ್ರಮ ಶುರುವಾಗಿ ಒಂದು ತಿಂಗಳಾಯಿತು. ಯಾಕೆ ಶುರುವಾಯಿತೆಂದು ಅವರಿಗೆಲ್ಲ ಗೊತ್ತು.

ಗೋಡೆಯುದ್ದಕ್ಕೂ ಐದು ತೊಟ್ಟಿಲು. ತೊಟ್ಟಿಲು ಅನ್ನುವುದು ಮರ್ಯಾದೆಯ ಮಾತು. ಎರಡು ಸೋಪಿನ ಪೆಟ್ಟಿಗೆ, ಒಂದು ಕಿತ್ತಲೆ ಹಣ್ಣಿನ ಪೆಟ್ಟಿಗೆ, ಒಂದು ಬೀರುವಿನ ಖಾನೆ. ತೂಗುವ ತೊಟ್ಟಿಲು ಒಂದೇ. ಪ್ರತಿ ಕೂಸಿನ ಕಾಲಿನ ಹೊದಿಕೆಗೆ ಅಜ್ಜಿ ಒಂದೊಂದು ನೂಲಿನ ಎಳೆ ಗಂಟು ಹಾಕುತ್ತಾರೆ. ಐದು ಎಳೆಗಳ ಇನ್ನೊಂದು ತುದಿ ಅವರ ಎಡಗೈಯ ಐದು ಬೆರಳಿಗೆ. ಕೂಸು ಅತ್ತರೆ ಕಾಲು ಒದೆಯುತ್ತದೆ, ಕಾಲು ಒದ್ದರೆ ನೂಲು ಎಳೆಯುತ್ತದೆ, ನೂಲು ಎಳೆದರೆ ಅಜ್ಜಿ ತಿರುಗಿ ನೋಡುತ್ತಾರೆ. ಬಲಗೈ ಕೆಲಸಕ್ಕೆ ಬಿಡುವಾಗಿರುತ್ತದೆ. ಐದಕ್ಕಿಂತ ಹೆಚ್ಚು ಕೂಸುಗಳನ್ನು ಯಾಕೆ ತೆಗೆದುಕೊಳ್ಳುವುದಿಲ್ಲ ಎಂದು ಕೇಳಿದವರಿಗೆ ಅವರು ಆ ಎಡಗೈಯನ್ನು ಎತ್ತಿ ತೋರಿಸುತ್ತಾರೆ.

ಇವತ್ತು ಶನಿವಾರ. ಹೆಬ್ಬೆರಳಿನ ಕೂಸಿಗೆ ಹಲ್ಲು ಬರುತ್ತಿದೆ, ಕಿರುಚುತ್ತಿದೆ. ತೋರುಬೆರಳಿನದಕ್ಕೆ ಹಸಿವು. ನಡುಬೆರಳು, ಉಂಗುರ ಬೆರಳು ಎರಡೂ ಅವುಗಳ ಅಳುವಿಗೆ ತಾಳ ಹಾಕುತ್ತಿವೆ. ಕಿರುಬೆರಳಿನ ನೂಲು ಮಾತ್ರ ಅಲ್ಲಾಡುವುದಿಲ್ಲ. ಅದು ಎಫಿ, ಐದು ತಿಂಗಳ ಹೆಣ್ಣು ಕೂಸು, ನೇಕಾರ್ತಿ ಸೆಲಿನಾ ಹಾವರ್ತ್‌ಳ ಮಗಳು. ಕಣ್ಣು ಮುಚ್ಚಿಕೊಂಡು ಮಲಗಿದ್ದಾಳೆ. ಅವಳ ಬಾಯಿಯಿಂದ ಯಾವ ಔಷಧಿಯ ವಾಸನೆಯೂ ಇಲ್ಲ. ಈ ಮನೆಗೆ ವಾಪಸು ಬಂದು ಇವತ್ತಿಗೆ ಆರು ದಿನ, ಆರು ದಿನದಲ್ಲಿ ಅವಳು ಒಂದು ಸಲವೂ ಅತ್ತಿಲ್ಲ.

ನೋಡಲು ಬಂದ ಪ್ಯಾಟೆಯ ಮಂದಿ ಎಂಥ ಒಳ್ಳೆಯ ಮಗು ಎಂದಾರು. ಡಾರ್ಕಸ್ ಅಜ್ಜಿಗೆ ಆ ಮಾತು ಯಾರ ತುಟಿಯಲ್ಲಿ ಕಂಡರೂ ಮೈಯೆಲ್ಲ ಉರಿಯುತ್ತದೆ. "ಒಳ್ಳೆ ಮಗು ಅಂತೆ ಒಳ್ಳೆ ಮಗು. ಅಳದೇ ಇರೋ ಕೂಸು ಕಂಡ್ರೆ ನಂಗೆ ಕೈಕಾಲು ತಣ್ಣಗಾಗ್ತವೆ," ಎನ್ನುತ್ತಾರೆ. ಅವರಿಗೆ ತಮ್ಮ ದನಿ ಎಷ್ಟು ದೊಡ್ಡದೆಂದು ಗೊತ್ತಾಗುವುದಿಲ್ಲ. ಆ ಮಾತು ಬೀದಿಯ ಆಚೆ ತುದಿಯ ಕೊಳಾಯಿಯವರೆಗೂ ಕೇಳಿಸುತ್ತದೆ.

ಅವರ ಕಿವಿ ಹೋದದ್ದು ಕೆಳಗಿನ ಗಿರಣಿಯಲ್ಲಿ. ಎಂಟನೇ ವಯಸ್ಸಿಗೆ ನೂಲು ಸುತ್ತುವ ಕೆಲಸಕ್ಕೆ ಸೇರಿದರು. ಬೆಳಿಗ್ಗೆ ಗಿರಣಿ, ಮಧ್ಯಾಹ್ನ ಶಾಲೆ. ಶಾಲೆಯಲ್ಲಿ ಕಲಿತದ್ದೇನೆಂದರೆ ಬೆಂಚಿನ ಮೇಲೆ ಕೂತೇ ನಿದ್ದೆ ಮಾಡುವುದು ಎಂದು ಅವರೇ ನಗುತ್ತಾರೆ. ಹದಿನಾಲ್ಕಕ್ಕೆ ಮಗ್ಗ ಸಿಕ್ಕಿತು, ಇಪ್ಪತ್ತರ ಹೊತ್ತಿಗೆ ನಾಲ್ಕು ಮಗ್ಗ. ಸಾವಿರದಿನ್ನೂರು ಮಗ್ಗ ಒಂದೇ ಸೂರಿನಡಿ ಬಡಿದುಕೊಳ್ಳುವ ಜಾಗದಲ್ಲಿ ಐವತ್ತೆರಡನೇ ವಯಸ್ಸಿನವರೆಗೆ ನಿಂತರು. ಲಾಳಿಯ ಕಣ್ಣಿಗೆ ಬಾಯಿ ಹಚ್ಚಿ ನೂಲನ್ನು ಉಸಿರಿನಿಂದ ಎಳೆದು ಎಳೆದು ಮುಂದಿನ ಹಲ್ಲುಗಳೂ ಹೋದವು. ಆ ಲಾಳಿಗೆ ಅವರಿಗಿಂತ ಮೊದಲು ಎಷ್ಟು ಜನ ಬಾಯಿ ಹಚ್ಚಿದ್ದರೋ, ಅವರಲ್ಲಿ ಯಾರಿಗೆ ಕ್ಷಯ ಇತ್ತೋ, ಕೇಳಿದವರಿಲ್ಲ. ಗಂಡ ಜೋಶುವಾ ನೂಲುವ ಮಹಡಿಯಲ್ಲಿದ್ದ. ಹತ್ತಿಯ ಧೂಳು ಕುಡಿದು ಕುಡಿದು ನಲವತ್ತಾರಕ್ಕೆ ಕೆಮ್ಮಿಕೊಂಡೇ ಹೋದ. ಒಬ್ಬ ಮಗಳಿದ್ದಾಳೆ, ಗುಡ್ಡದಾಚೆಯ ಊರಿನ ಗಿರಣಿಯಲ್ಲಿ ಮಗ್ಗ ನಡೆಸುತ್ತಾಳೆ. ಈಗ ಅವಳಿಗೂ ಒಂದು ಕಿವಿ ಮಂದ.

ಗಿರಣಿಯ ಗದ್ದಲದಲ್ಲಿ ಕೂಗಿದರೂ ಪಕ್ಕದವಳಿಗೆ ಕೇಳಿಸದು. ಆದ್ದರಿಂದ ನೇಕಾರ್ತಿಯರೆಲ್ಲ ತುಟಿಯಲ್ಲಿ ಮಾತಾಡುತ್ತಾರೆ. ಬಾಯಿ ಅಗಲಿಸಿ, ಹುಬ್ಬು ಕುಣಿಸಿ, ಕೆನ್ನೆ ತಿರುವಿ, ಸದ್ದಿಲ್ಲದೆ ಹರಟುತ್ತಾರೆ. ಯಾರು ಬಸುರಿ, ಯಾರ ಗಂಡ ಯಾವ ಹೆಂಡದಂಗಡಿಯಲ್ಲಿ ಬಿದ್ದಿದ್ದ, ಮೇಸ್ತ್ರಿ ಇವತ್ತು ಯಾರ ಮಗ್ಗದ ಹತ್ತಿರ ಹೆಚ್ಚು ಹೊತ್ತು ನಿಂತ, ಎಲ್ಲವೂ ಶೆಡ್ಡಿನ ಈ ತುದಿಯಿಂದ ಆ ತುದಿಗೆ ಕಣ್ಣಿನಲ್ಲೇ ಓಡಾಡುತ್ತದೆ. ಮೇಸ್ತ್ರಿಯ ಬೆನ್ನ ಹಿಂದೆ ಅವನಿಗೆ ಎಂಥೆಂಥ ಹೆಸರಿಡುತ್ತಾರೆಂದರೆ ಅದನ್ನೆಲ್ಲ ಈ ಪತ್ರಿಕೆಯಲ್ಲಿ ಅಚ್ಚು ಹಾಕಿಸುವಂತಿಲ್ಲ. ಡಾರ್ಕಸ್ ಅಜ್ಜಿಗೆ ಈಗ ಉಳಿದಿರುವ ಭಾಷೆ ಅದೊಂದೇ.

ಗಿರಣಿ ಬಿಟ್ಟ ಮೇಲೆ ಹನ್ನೊಂದು ವರ್ಷದಿಂದ ಕೂಸು ಕಾಯುತ್ತಿದ್ದಾರೆ. ದಿನಕ್ಕೆ ಹನ್ನೆರಡು ಗಂಟೆಗೂ ಮೇಲೆ. ಬೀದಿಯ ಕೊಳಾಯಿಯಿಂದ ಹನ್ನೊಂದು ಬಕೆಟ್ ನೀರು. ಕುದಿಸಿ ಒಗೆಯಬೇಕಾದ ಬಟ್ಟೆ ನಲವತ್ತು, ಭೇದಿಯ ಕಾಲದಲ್ಲಿ ಅರವತ್ತು. ಎಂಟಕ್ಕೆ ಅರ್ಧ ಗಂಟೆ, ಹನ್ನೆರಡೂವರೆಗೆ ಒಂದು ಗಂಟೆ ಗಿರಣಿ ನಿಂತಾಗ ತಾಯಂದಿರು ಎದೆ ಹಿಡಿದುಕೊಂಡು ಓಡಿ ಬರುತ್ತಾರೆ. ಒಂದು ಕೈಯಲ್ಲಿ ಕೊಬ್ಬು ಸವರಿದ ಬ್ರೆಡ್ಡು, ಇನ್ನೊಂದು ಕೈಯಲ್ಲಿ ಕೂಸು. ಅವರ ಮಡಿಲಿನಿಂದ ಹತ್ತಿಯ ನಾರು ಕೂಸಿನ ಬಾಯಿಗೆ ಬೀಳುತ್ತದೆ, ಅದನ್ನು ಬೆರಳಲ್ಲಿ ತೆಗೆಯುತ್ತ ಹಾಲೂಡುತ್ತಾರೆ. ಗಿರಣಿಯ ಭೋಂಗಾ ಮತ್ತೆ ಕೂಗಿದರೆ ಅರ್ಧ ಕುಡಿದ ಕೂಸನ್ನು ಎದೆಯಿಂದ ಬಿಡಿಸಿ ಓಡುತ್ತಾರೆ. ಆ ಹೊತ್ತಿನ ಅಳುವನ್ನು ಕಿವಿಯಿದ್ದವರು ತಡೆದುಕೊಳ್ಳುವುದು ಕಷ್ಟ. ಅಜ್ಜಿಗೆ ಅದು ಐದು ಬೆರಳಿನ ಮೇಲೆ ಒಟ್ಟಿಗೆ ಬರುತ್ತದೆ.

ಈ ಮನೆಯಲ್ಲಿ ನಿಯಮ ಒಂದೇ. ನಿದ್ದೆ ಔಷಧಿ ಹಾಕಬಾರದು, ಹಾಕಿದ ಕೂಸನ್ನು ತರಬಾರದು. ಕಾಕಂಬಿಗೆ ಸೋಂಪು ಸೇರಿಸಿ, ಅದರೊಳಗೆ ಅಫೀಮು ಕರಗಿಸಿದ ಆ ಔಷಧಿ ಮೂಲೆಯ ಕಿರಾಣಿ ಅಂಗಡಿಯಲ್ಲಿ ಮೇಣದ ಬತ್ತಿಯ ಪಕ್ಕದಲ್ಲೇ ಸಿಗುತ್ತದೆ. ಒಂದು ಚಮಚ ಹಾಕಿದರೆ ಕೂಸು ಆರು ತಾಸು ಅಲ್ಲಾಡುವುದಿಲ್ಲ. ಹಸಿವೂ ಆಗುವುದಿಲ್ಲ. ಹಾಗೇ ಸೊರಗಿ, ಮುಖ ಮುದುಕರಂತಾಗಿ, ಒಂದು ದಿನ ಎದ್ದೇಳುವುದಿಲ್ಲ. ಸಾವಿನ ಸರ್ಟಿಫಿಕೇಟಿನಲ್ಲಿ ಫಿಟ್ಸ್ ಎಂದು ಬರೆಯುತ್ತಾರೆ. ನಮ್ಮ ಕ್ಲೆಗ್‌ಡೆನ್ನಿನ ಸ್ಮಶಾನದಲ್ಲಿ ಕಲ್ಲಿಲ್ಲದ ಪುಟ್ಟ ಗುಡ್ಡೆಗಳ ಸಾಲು ನೋಡಿದವರಿಗೆ, ಈ ಊರಿನ ಮಕ್ಕಳಿಗೆ ಮಾತ್ರ ಇಷ್ಟೊಂದು ಫಿಟ್ಸ್ ಯಾಕೆ ಬರುತ್ತದೆ ಎಂಬ ಅನುಮಾನ ಬರಬೇಕು. ಬಂದಂತಿಲ್ಲ.

ಎದುರು ಸಾಲಿನಲ್ಲಿ ಪೆಗ್ಗಿ ಶಾರ್ಪಲ್ಸ್‌ಳ ಮನೆಯಿದೆ. ಅವಳೂ ಕೂಸು ಕಾಯುತ್ತಾಳೆ. ಹನ್ನೊಂದು ಕೂಸು, ಒಂದರದೂ ಸದ್ದಿಲ್ಲ. ಚರ್ಚಿನ ಹೆಂಗಸರ ಮಂಡಳಿಯವರು ಕಳೆದ ವರ್ಷ ಬಂದು ನೋಡಿ, ಎಷ್ಟು ಅಚ್ಚುಕಟ್ಟು, ಎಷ್ಟು ಶಾಂತ ಎಂದು ಅವಳ ಬೆನ್ನು ತಟ್ಟಿ ಹೋದರು. ಡಾರ್ಕಸ್ ಅಜ್ಜಿಯ ಮನೆಗೂ ಬಂದಿದ್ದರು. ಐದು ಕೂಸುಗಳ ಅರಚಾಟ ಕೇಳಿ ಕಿವಿ ಮುಚ್ಚಿಕೊಂಡು ಹೊಸ್ತಿಲಲ್ಲೇ ತಿರುಗಿದರಂತೆ. ಇದನ್ನು ಹೇಳುವಾಗ ಪಕ್ಕದ ಮನೆಯ ಆಮೋಸ್‌ಗೆ ನಗು ತಡೆಯುವುದಿಲ್ಲ. ಆಮೋಸ್ ಹತ್ತಿ ಹಿಂಜುವ ಯಂತ್ರಕ್ಕೆ ಬಲಗೈ ಕೊಟ್ಟವನು. ಅಜ್ಜಿ ನೀರಿಗೆ ಹೋದಾಗ ಕೂಸುಗಳ ಹತ್ತಿರ ಕೂರುವವನು ಅವನೇ.

ಸೆಲಿನಾಗೆ ಇಪ್ಪತ್ತೆರಡು ವರ್ಷ. ಗಂಡ ಬಾಯ್ಲರ್ ಮನೆಯಲ್ಲಿ ಕಾಲು ಸುಟ್ಟುಕೊಂಡು ನಾಲ್ಕು ತಿಂಗಳಿಂದ ಮಂಚ ಹಿಡಿದಿದ್ದಾನೆ. ಇವಳ ನಾಲ್ಕು ಮಗ್ಗದ ಮೇಲೆ ಮನೆ ನಡೆಯಬೇಕು. ಎಫಿ ರಾತ್ರಿಯಿಡೀ ಎತ್ತಿಕೊಂಡಿರು ಎಂದು ಹಠ ಮಾಡುವ ಕೂಸಾಗಿತ್ತು. ಎತ್ತಿಕೊಂಡು ಕಳೆದ ರಾತ್ರಿಗಳ ಮಾರನೇ ದಿನ ಸೆಲಿನಾ ಮಗ್ಗದ ಮುಂದೆ ನಿಂತೇ ತೂಕಡಿಸುತ್ತಿದ್ದಳು. ಎಳೆ ತಪ್ಪಿದ ಬಟ್ಟೆ ಎರಡು ಸಲ ಮೇಸ್ತ್ರಿಯ ಕಣ್ಣಿಗೆ ಬಿತ್ತು, ಎರಡು ಸಲ ಬೆಳಿಗ್ಗೆ ಗೇಟಿಗೆ ತಡವಾಯಿತು. ಮೂರನೆಯದಕ್ಕೆ ಏನಾಗುತ್ತದೆಂದು ಅವಳಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

ಒಂದು ತಿಂಗಳ ಹಿಂದೆ, ಒಂದು ಮಂಗಳವಾರ, ಎಫಿ ಮಲಗಿಕೊಂಡೇ ಬಂದಳು. ಏಳು ಗಂಟೆಯವರೆಗೂ ಕಿರುಬೆರಳಿನ ನೂಲು ಅಲ್ಲಾಡಲಿಲ್ಲ. ಅಜ್ಜಿ ಹೋಗಿ ಕಣ್ಣಿನ ರೆಪ್ಪೆ ಬಿಡಿಸಿ ನೋಡಿದರು. ಕಪ್ಪುಗುಡ್ಡೆ ಸಾಸಿವೆ ಕಾಳಿನಷ್ಟು ಕುಗ್ಗಿತ್ತು. ಅಂಗಾಲು ತಟ್ಟಿದರು, ಮುಖಕ್ಕೆ ತಣ್ಣೀರು ಹೊಡೆದರು. ಕೂಸು ಒಮ್ಮೆ ಮುಖ ಕಿವುಚಿ ಮತ್ತೆ ಕುಸಿಯಿತು. ತುಟಿಯಲ್ಲಿ ಸೋಂಪಿನ ವಾಸನೆ. ಅಜ್ಜಿ ಉಳಿದ ನಾಲ್ಕು ಕೂಸುಗಳನ್ನು ಆಮೋಸ್‌ಗೆ ಒಪ್ಪಿಸಿ, ಎಫಿಯನ್ನು ಶಾಲಿನೊಳಗೆ ಹಾಕಿಕೊಂಡು ಧರ್ಮಾಸ್ಪತ್ರೆಗೆ ಓಡಿದರು. ಅಲ್ಲಿನ ಡಾಕ್ಟರು ಮೊದಲು ಕೇಳುವ ಪ್ರಶ್ನೆ ಅವರಿಗೆ ಗೊತ್ತಿತ್ತು. ಎಷ್ಟು ಹಾಕಿದ್ದು, ಎಷ್ಟು ಹೊತ್ತಿಗೆ ಹಾಕಿದ್ದು? ಅದಕ್ಕೆ ಉತ್ತರ ಕೊಡಬಲ್ಲವಳು ಗಿರಣಿಯೊಳಗಿದ್ದಳು. ಗಿರಣಿ ದಾರಿಯಲ್ಲೇ ಇತ್ತು.

ಗೇಟಿನವನು ಹಳೇ ನೇಕಾರ್ತಿಯ ಮುಖ ನೋಡಿ ಅಂಗಳಕ್ಕೆ ಬಿಟ್ಟ. ಸೆಕೆಗಾಲವಾದ್ದರಿಂದ ಶೆಡ್ಡಿನ ಬಾಗಿಲು ತೆರೆದಿತ್ತು. ಒಳಗೆ ಹೋಗಲು ಅಪ್ಪಣೆಯಿಲ್ಲ. ಅಜ್ಜಿ ಹೊಸ್ತಿಲಲ್ಲಿ ನಿಂತು ಕೈ ಬೀಸಿದರು. ಏಳನೇ ಸಾಲಿನಲ್ಲಿದ್ದ ಸೆಲಿನಾ ತಲೆ ಎತ್ತಿದಳು.

"ಔಷಧಿ ಎಷ್ಟು ಹಾಕ್ದೆ?" ಎಂದು ಅಜ್ಜಿ ತುಟಿಯಲ್ಲಿ ಕೇಳಿದರು.

ಏನೂ ಹಾಕಿಲ್ಲ ಎಂದಳು ಸೆಲಿನಾ.

"ಸುಳ್ಳು ಹೇಳ್ಬೇಡ ಕಣೇ, ಕೂಸು ಹೋಗತ್ತೆ. ಎಷ್ಟು ಚಮಚ?"

ಸೆಲಿನಾ ಕೈಯಲ್ಲಿದ್ದ ಲಾಳಿ ಕೆಳಗಿಟ್ಟಳು. ರಾತ್ರಿ ಎರಡು, ಬೆಳಿಗ್ಗೆ ಹೊರಡುವಾಗ ಇನ್ನೊಂದು ಎಂದಳು. ಅಜ್ಜಿ ತಿರುಗಿ ಓಡಿದರು.

ತಪ್ಪು ನಡೆದದ್ದು ಅಲ್ಲೇ. ಹನ್ನೊಂದು ವರ್ಷದಿಂದ ಈ ಅಜ್ಜಿಗೆ ತುಟಿಮಾತು ಎಂದರೆ ಗುಟ್ಟಿನ ಮಾತು. ಮನೆಯಲ್ಲಿ ಗಂಡಸರ ಎದುರಿಗೇ ತಾಯಂದಿರು ಇವರೊಡನೆ ಎಲ್ಲ ಹೇಳಿಕೊಳ್ಳುತ್ತಾರೆ, ಪಕ್ಕದಲ್ಲಿ ಕೂತ ಗಂಡನಿಗೆ ಒಂದಕ್ಷರ ತಿಳಿಯುವುದಿಲ್ಲ. ಬಾಯಿ ತೆರೆದು ಕೇಳಿದರೆ ಊರಿಗೆಲ್ಲ ಕೇಳಿಸುತ್ತದೆ, ತುಟಿಯಲ್ಲಿ ಕೇಳಿದರೆ ಅವಳ ಮಾನ ಉಳಿಯುತ್ತದೆ ಎಂದೇ ಅವರು ಹಾಗೆ ಕೇಳಿದ್ದು. ನೇಯ್ಗೆ ಶೆಡ್ಡಿನಲ್ಲಿ ತುಟಿಯಲ್ಲಿ ಕೇಳುವುದೆಂದರೆ ಡಂಗುರ ಸಾರಿದ ಹಾಗೆ ಎಂಬುದು ಆ ಗಾಬರಿಯಲ್ಲಿ ಮರೆತೇ ಹೋಯಿತು. ನಾನೂರು ಹೆಂಗಸರು ಪ್ರಶ್ನೆಯನ್ನೂ ಓದಿದರು, ಸುಳ್ಳನ್ನೂ ಓದಿದರು, ಉತ್ತರವನ್ನೂ ಓದಿದರು.

ಎಫಿ ಆವತ್ತು ಉಳಿದಳು. ಡಾಕ್ಟರು ವಾಂತಿ ಮಾಡಿಸಿದರು, ಕಪ್ಪು ಕಾಫಿಯ ಹನಿ ಹಾಕಿಸಿದರು, ಸಂಜೆಯವರೆಗೆ ನಿದ್ದೆ ಹೋಗದಂತೆ ಅಜ್ಜಿ ಅವಳನ್ನು ಎತ್ತಿಕೊಂಡು ಅಡ್ಡಾಡಿದರು. ಆದರೆ ಮರುದಿನ ಬೆಳಿಗ್ಗೆ ಸೆಲಿನಾ ಗಿರಣಿಗೆ ಹೋದಾಗ ಅವಳ ಮಗ್ಗದ ಮೇಲೆ ಒಂದು ಚಮಚ ಇತ್ತು. ಅದರ ಮರುದಿನವೂ ಇತ್ತು. ಯಾರಿಟ್ಟರೆಂದು ಯಾರೂ ನೋಡಿರಲಿಲ್ಲ. ಲಾಳಿ ಬದಲಿಸಲು ಬಗ್ಗಿದರೆ ಪಕ್ಕದ ಸಾಲಿನವರು ಎರಡು ಬೆರಳೆತ್ತಿ, ತಡೆದು, ಇನ್ನೊಂದು ಬೆರಳೆತ್ತುತ್ತಿದ್ದರು. ಹಾಗೆ ಬೆರಳೆತ್ತಿದವರಲ್ಲಿ ಅರ್ಧಕ್ಕರ್ಧ ಜನರ ಮನೆಯ ಕಿಟಕಿಯಲ್ಲಿ ಅದೇ ಬಾಟಲಿ ಇದೆ. ಇದನ್ನು ಬರೆಯುವಾಗ ಸಿಟ್ಟು ಬರುತ್ತದೆ, ಬಂದದ್ದನ್ನು ಮುಚ್ಚಿಡುವುದಿಲ್ಲ.

ಸೆಲಿನಾ ಅಜ್ಜಿಯ ಮನೆಯ ಕಡೆ ಮುಖ ಹಾಕಲಿಲ್ಲ. ಎಫಿಯನ್ನು ಪೆಗ್ಗಿ ಶಾರ್ಪಲ್ಸ್‌ಳ ಮನೆಯಲ್ಲಿ ಬಿಟ್ಟಳು. ಅಲ್ಲಿ ಯಾರೂ ಏನೂ ಕೇಳುವುದಿಲ್ಲ. ಅಜ್ಜಿ ಎರಡು ಸಲ ಪೆಗ್ಗಿಯ ಬಾಗಿಲಿಗೆ ಹೋಗಿ ಕೂಸನ್ನು ಒಂದು ಗಳಿಗೆ ಎತ್ತಿಕೊಳ್ಳಲು ಬಿಡು ಎಂದು ಕೇಳಿದರು. ಎರಡನೇ ಸಲ ಪೆಗ್ಗಿ ಕಿಟಕಿಯ ಪರದೆ ಎಳೆದಳು. ಕಿವುಡಿಯ ಹತ್ತಿರ ಕೂಸು ಬಿಡೋರಿಗೆ ಬುದ್ಧಿ ಇದ್ಯಾ ಎಂದು ಅವಳು ಬೀದಿಯಲ್ಲಿ ಆಡಿದ್ದನ್ನು ಆಮೋಸ್ ಅಜ್ಜಿಗೆ ಹೇಳಲಿಲ್ಲ. ಅಜ್ಜಿ ಅದನ್ನು ಪೆಗ್ಗಿಯ ತುಟಿಯಿಂದಲೇ ಓದಿದ್ದರು.

ಹೀಗೆ ಎರಡೂವರೆ ವಾರ ಕಳೆಯಿತು. ಆ ದಿನಗಳಲ್ಲಿ ಅಜ್ಜಿಗೆ ಸರಿಯಾಗಿ ಊಟ ಸೇರಲಿಲ್ಲ ಎನ್ನುತ್ತಾನೆ ಆಮೋಸ್. ಅದಕ್ಕೆ ಕಾರಣ ಎಫಿ ಒಬ್ಬಳೇ ಅಲ್ಲ. ನಲವತ್ತೊಂದು ವರ್ಷದ ಹಿಂದೆ ಸತ್ತ ಇನ್ನೊಂದು ಕೂಸೂ ಇತ್ತು.

ಟೆಂಟರ್ ಬೀದಿಯಲ್ಲಿ ಆ ಕಥೆ ಗೊತ್ತಿಲ್ಲದವರಿಲ್ಲ. ಗೊತ್ತಿದ್ದದ್ದು ಹೀಗೆ. ಡಾರ್ಕಸ್‌ಳ ಮೊದಲ ಮಗ ಎನೋಕ್, ಒಂಬತ್ತು ವಾರದ ಕೂಸು, ಬೆಟ್ಟಿ ಲೋಮ್ಯಾಕ್ಸ್ ಎಂಬ ಮುದುಕಿಯ ಮನೆಯಲ್ಲಿ ಸತ್ತ. ಬೆಟ್ಟಿ ನಿದ್ದೆ ಔಷಧಿ ಹೆಚ್ಚು ಹಾಕಿಬಿಟ್ಟಿದ್ದಳು. ಆಮೇಲೆ ಬೆಟ್ಟಿಯ ಹತ್ತಿರ ಯಾರೂ ಕೂಸು ಬಿಡಲಿಲ್ಲ. ಒಲೆಗೆ ಕಲ್ಲಿದ್ದಲಿಲ್ಲದೆ, ಕೊನೆಗೆ ಅವಳು ಬಡವರ ಆಶ್ರಮ ಸೇರಿ ಅಲ್ಲೇ ಸತ್ತಳು. ಗಂಜಿಗೆ ಕೂಡಿಹಾಕಿ ದುಡಿಸುವ ಆ ಬಡವರ ಆಶ್ರಮ ಎಂದರೆ ಏನೆಂದು ಈ ಊರಿನವರಿಗೆ ಹೇಳಬೇಕಾಗಿಲ್ಲ. ನಮ್ಮ ಮುದುಕರು ಅದರ ಗೋಡೆ ಬಂದರೆ ರಸ್ತೆಯ ಆಚೆ ಬದಿಗೆ ದಾಟಿ ನಡೆಯುತ್ತಾರೆ. ಮಗನನ್ನು ಕಳೆದುಕೊಂಡ ಡಾರ್ಕಸ್ ಅದಕ್ಕೇ ಔಷಧಿಯ ಮೇಲೆ ಹಗೆ ಸಾಧಿಸುತ್ತಾಳೆ ಎಂದು ಎಲ್ಲರೂ ತಿಳಿದಿದ್ದರು.

ಹೋದ ಶುಕ್ರವಾರ, ಎಂಟು ದಿನದ ಕೆಳಗೆ, ಬೆಳಿಗ್ಗೆ ಹತ್ತರ ಸುಮಾರಿಗೆ ಅಜ್ಜಿ ಮತ್ತೆ ಗಿರಣಿಯ ಅಂಗಳಕ್ಕೆ ಹೋದರು. ಅದೇ ಹೊಸ್ತಿಲಲ್ಲಿ ನಿಂತು ಎರಡೂ ಕೈ ಎತ್ತಿದರು. ಮೊದಲು ಬಾಗಿಲ ಬಳಿಯವರು ನೋಡಿದರು, ಅವರು ಪಕ್ಕದವರಿಗೆ ಸನ್ನೆ ಮಾಡಿದರು. ಹೊರಗಿನವಳು ಬಂದಳೆಂದರೆ ಸಾವಿನ ಸುದ್ದಿ ಇರಬೇಕೆಂದು ಎಲ್ಲರ ಕಣ್ಣೂ ಬಾಗಿಲಿಗೆ ನೆಟ್ಟವು. ಮಗ್ಗ ಯಾರೂ ನಿಲ್ಲಿಸಲಿಲ್ಲ. ಅಜ್ಜಿ ಎಲ್ಲರಿಗೂ ಕಾಣುವಂತೆ ನಿಧಾನಕ್ಕೆ, ಒಂದೊಂದೇ ಮಾತನ್ನು ಬಿಡಿಸಿ ಹೇಳಿದರು.

"ಎನೋಕ್‌ಗೆ ಔಷಧಿ ಹಾಕಿದ್ದು ಬೆಟ್ಟಿ ಅಲ್ಲ. ನಾನು. ಅಳೋ ಕೂಸನ್ನ ಇಟ್ಕೊಳಲ್ಲ ಅಂತ ಅವಳು ಹಿಂದಿನ ದಿನ ಹೇಳಿದ್ಲು, ಅದಕ್ಕೆ ಬೆಳಿಗ್ಗೆ ನಾನೇ ಹಾಕಿ ಕರ್ಕೊಂಡು ಹೋದೆ. ಎಂಟಕ್ಕೆ ಹೋದ್ರೆ ಮಲಗಿದ್ದ. ಸದ್ಯ ಮಲಗಿದ್ದಾನಲ್ಲ ಅಂತ ಎಬ್ಬಿಸ್ಲಿಲ್ಲ, ಹಾಲು ಕೊಡ್ಲಿಲ್ಲ, ಮಗ್ಗಕ್ಕೆ ಬಂದೆ. ಮಧ್ಯಾಹ್ನ ಹೋಗೋ ಹೊತ್ತಿಗೆ ತಣ್ಣಗಾಗಿದ್ದ. ಎಲ್ಲರೂ ಬೆಟ್ಟಿ ಅಂದ್ರು. ನಾನು ಬಾಯಿ ಮುಚ್ಕೊಂಡಿದ್ದೆ. ಸೆಲಿನಾ ಮಗ್ಗದ ಮೇಲೆ ಚಮಚ ಇಡೋರು ನಂಗೂ ಒಂದು ತಂದ್ಕೊಡಿ."

ಇಷ್ಟು ಹೇಳಿ ಅವರು ಕೈ ಇಳಿಸಿದರು. ಗಂಡ ಜೋಶುವಾಗೂ ಈ ಮಾತು ತಿಳಿದಿರಲಿಲ್ಲ. ಮಗಳಿಗೂ ತಿಳಿದಿರಲಿಲ್ಲ, ಈಗ ಯಾರೋ ಗುಡ್ಡ ದಾಟಿ ಹೋಗಿ ಹೇಳಿದ್ದಾರೆ, ಅವಳಿನ್ನೂ ಬಂದಿಲ್ಲ.

ತಮ್ಮ ಬಗ್ಗೆ ಪತ್ರಿಕೆಯಲ್ಲಿ ಬರೆಯಲು ಅಜ್ಜಿ ಮೊದಲು ಒಪ್ಪಿರಲಿಲ್ಲ. ಕೂಸಿನ ಬಟ್ಟೆ ಒಗೆಯೋದನ್ನೆಲ್ಲ ಬರೀತಾರಾ ಎಂದು ನಕ್ಕು ಕಳಿಸಿದ್ದರು. ಶುಕ್ರವಾರದ ನಂತರ ತಾವೇ ಆಮೋಸ್‌ನ ಕೈಲಿ ಹೇಳಿ ಕಳಿಸಿದರು. ಒಂದೇ ಷರತ್ತು. "ಬರಿ, ಎಲ್ಲಾ ಬರಿ. ಆದ್ರೆ ಬೆಟ್ಟಿ ಹೆಸರು ಪೂರ್ತಿ ಬರಿ. ಬೆಟ್ಟಿ ಲೋಮ್ಯಾಕ್ಸ್. ಅವಳೇನೂ ಮಾಡಿರ್ಲಿಲ್ಲ." ಆ ಹೆಸರು ಇಲ್ಲಿ ಅಚ್ಚಾಗಿದೆ. ಅದನ್ನು ಓದಬೇಕಾಗಿದ್ದವಳು ಹೋಗಿ ಮೂವತ್ತು ವರ್ಷ ದಾಟಿತು.

ಮಾರನೇ ದಿನ ಸೆಲಿನಾಳ ಮಗ್ಗದ ಮೇಲೆ ಚಮಚ ಇರಲಿಲ್ಲ. ಸೋಮವಾರ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಅವಳು ಹದಿನೇಳನೇ ನಂಬರಿಗೆ ಬಂದಳು. ಕ್ಷಮೆ ಗಿಮೆ ಇಬ್ಬರೂ ಕೇಳಲಿಲ್ಲ. ಇವಳು ಎದೆ ಕಚ್ಚುತ್ತಿಲ್ಲ ಅಜ್ಜಿ ಎಂದಷ್ಟೇ ಹೇಳಿ ಎಫಿಯನ್ನು ಕೈಗಿಟ್ಟಳು. ಎರಡೂವರೆ ವಾರದಲ್ಲಿ ಕೂಸು ಅರ್ಧ ಆಗಿತ್ತು. ಕೆನ್ನೆ ಒಳಗೆ ಹೋಗಿ ಹಣೆ ದೊಡ್ಡದಾಗಿ ಕಾಣುತ್ತಿತ್ತು. ಎತ್ತಿಕೊಂಡರೆ ಕತ್ತು ನಿಲ್ಲುತ್ತಿರಲಿಲ್ಲ.

ಆವತ್ತಿನಿಂದ ಅಜ್ಜಿಯ ಕೆಲಸ ದುಪ್ಪಟ್ಟಾಗಿದೆ. ಗಂಟೆಗೊಮ್ಮೆ ಎಫಿಯನ್ನು ಎಬ್ಬಿಸುತ್ತಾರೆ. ಸೆಲಿನಾ ಹಿಂಡಿಟ್ಟು ಹೋದ ಹಾಲನ್ನು ಬಟ್ಟೆಯ ತುದಿಯಿಂದ ತುಟಿಗೆ ತೊಟ್ಟಿಕ್ಕಿಸುತ್ತಾರೆ. ಅಂಗೈ ಅಂಗಾಲು ಉಜ್ಜುತ್ತಾರೆ. ಹಾಡುತ್ತಾರೆ ಕೂಡ. ತಮಗೇ ಕೇಳಿಸದ ಆ ಹಾಡಿನ ಶ್ರುತಿ ಎಲ್ಲೆಲ್ಲಿಗೋ ಹೋಗುತ್ತದೆ, ಉಳಿದ ನಾಲ್ಕು ಕೂಸುಗಳು ಅಳು ನಿಲ್ಲಿಸಿ ಬೆರಗಾಗಿ ನೋಡುತ್ತವೆ. ಡಾಕ್ಟರು ಬುಧವಾರ ಬಂದಿದ್ದರು. ಇನ್ನು ಮದ್ದಿಲ್ಲ, ಕಾಯಬೇಕು ಎಂದರು. ಹಸಿವು ವಾಪಸು ಬಂದರೆ ಬದುಕುತ್ತದೆ, ಹಸಿವಾದರೆ ಅಳುತ್ತದೆ, ಅತ್ತರೆ ತಿಳಿಸಿ ಎಂದು ಹೇಳಿ ಹೋದರು. ಕಿವಿಯಿಲ್ಲದವರಿಗೆ ಎಂಥ ಕೆಲಸ ಹೇಳಿದೆನೆಂದು ಅವರಿಗೆ ಹೊಳೆದಂತೆ ಕಾಣಲಿಲ್ಲ.

ಶನಿವಾರ ಗಿರಣಿ ಮಧ್ಯಾಹ್ನ ಒಂದಕ್ಕೇ ಬಿಡುತ್ತದೆ. ಭೋಂಗಾ ಕೂಗಿದ್ದನ್ನು ಆಮೋಸ್ ಕೈಯೆತ್ತಿ ತಿಳಿಸುತ್ತಾನೆ. ತಾಯಂದಿರು ಬಂದು ತಮ್ಮ ತಮ್ಮ ಕೂಸುಗಳನ್ನು ಎತ್ತಿಕೊಂಡು ಹೋಗುತ್ತಾರೆ. ಕೊನೆಗೆ ಸೆಲಿನಾ ಬರುತ್ತಾಳೆ. ಕೂದಲ ತುಂಬ ಹತ್ತಿಯ ನಾರು. ಕೂಸನ್ನು ನೋಡುವ ಮೊದಲು ಅವಳು ಅಜ್ಜಿಯ ಮುಖ ನೋಡುತ್ತಾಳೆ. ಅತ್ತಳಾ ಎಂದು ತುಟಿಯಲ್ಲಿ ಕೇಳುತ್ತಾಳೆ.

"ಇಲ್ಲ ಮಗಳೇ. ಎರಡ್ಸಲ ಕಣ್ಣು ಬಿಟ್ಲು. ನಾಲ್ಕು ಗುಟುಕು ಇಳೀತು."

ನಿನ್ನೆ ಎಷ್ಟು ಗುಟುಕು ಎಂದು ಸೆಲಿನಾ ಕೇಳುವುದಿಲ್ಲ. ಒಲೆಯ ಪಕ್ಕ ನೆಲದ ಮೇಲೆ ಕೂತು ಎಫಿಯನ್ನು ಎದೆಗೆ ಹಚ್ಚುತ್ತಾಳೆ. ಕೂಸು ಬಾಯಿ ತೆರೆದು, ಏನೂ ಮಾಡದೆ, ಹಾಗೇ ಇರುತ್ತದೆ. ಸೆಲಿನಾಳ ಹಾಲು ಅದರ ಕೆನ್ನೆಯ ಮೇಲೆ ಹರಿದು ಹೋಗುತ್ತದೆ. ಅಜ್ಜಿ ಬಗ್ಗಿ ತಮ್ಮ ಮುಂಗೈಯಿಂದ ಅದನ್ನು ಒರೆಸುತ್ತಾರೆ.

ಐವತ್ತೈದು ವರ್ಷ ದುಡಿದ ಈ ಜೀವಕ್ಕೆ ಇನ್ನೇನು ಬೇಕು ಎಂದು ಕೇಳಿದ್ದಕ್ಕೆ ಅಜ್ಜಿ ಚಳಿಗಾಲಕ್ಕೆ ಕಲ್ಲಿದ್ದಲು ಎನ್ನಬಹುದಿತ್ತು. ಬಡವರ ಆಶ್ರಮದ ಗೋಡೆಯಾಚೆ ಸಾಯದಿರಲಿ ಎನ್ನಬಹುದಿತ್ತು. ಇಲ್ಲಿನ ಮುದುಕಿಯರೆಲ್ಲ ಅದನ್ನೇ ಅನ್ನುವುದು. ಅವರು ಎಫಿಯ ಅಂಗಾಲನ್ನು ಹೆಬ್ಬೆರಳಿನಿಂದ ಉಜ್ಜುತ್ತ, ಕಣ್ಣನ್ನು ಅವಳ ಮುಖದಿಂದ ತೆಗೆಯದೆ, ತಮ್ಮ ಎಂದಿನ ದೊಡ್ಡ ದನಿಯಲ್ಲೇ ಹೇಳಿದರು.

"ಇವಳು ಒಂದ್ಸಲ ಗಂಟ್ಲು ಹರ್ಕೊಂಡು ಅಳ್ಬೇಕು. ನಂಗೆ ಕೇಳಿಸ್ದೇ ಇದ್ರೂ ಪರ್ವಾಗಿಲ್ಲ. ಬೀದಿಗೆಲ್ಲ ಕೇಳಿಸ್ಬೇಕು."